ತಾರಸಿಯಲ್ಲಿ ದೊಣ್ಣೆ ಮೆಣಸಿನಕಾಯಿ: ಬೀಜದಿಂದ ಬಣ್ಣದವರೆಗೆ 130 ದಿನ

ಜಾಗ ಬೆಂಗಳೂರು, ದಿನಕ್ಕೆ ಆರು ತಾಸು ಬಿಸಿಲು ಬೀಳುವ ತಾರಸಿ. ತಳಿ ಎರಡು: ಕ್ಯಾಲಿಫೋರ್ನಿಯಾ ವಂಡರ್ ಮತ್ತು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೋಹಿನಿ. ಎರಡೂ ಹೈಬ್ರಿಡ್ ಅಲ್ಲ, ಹಾಗಾಗಿ ಬೀಜ ಎತ್ತಿಡಬಹುದು. ಅಂಗಡಿಯಿಂದ ತಂದ ಹಸಿರು ಕಾಯಿಯ ಬೀಜ ಬಿತ್ತಿ ಕಾಯುವುದು ದಂಡ. ಹಸಿರಿನಲ್ಲೇ ಕೊಯ್ದ ಕಾಯಿಯಲ್ಲಿ ಬೀಜ ಪೂರ್ತಿ ಬಲಿತಿರುವುದಿಲ್ಲ.

ಆಗಸ್ಟ್ 14, ಬಿತ್ತನೆ.
ಪ್ರೋಟ್ರೇಯಲ್ಲಿ (ಸಸಿ ಎಬ್ಬಿಸುವ ಗುಳಿಗಳಿರುವ ತಟ್ಟೆ) 24 ಬೀಜ. ಮೂರು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ. ಕೋಕೋಪೀಟ್‌ನಲ್ಲಿ ಉಪ್ಪಿನಂಶ ಉಳಿದಿರುತ್ತದೆ, ಎರಡು ಸಲ ನೀರಲ್ಲಿ ನೆನೆಸಿ ಹಿಂಡಲೇಬೇಕು. ಹದ ಹೇಗಿರಬೇಕೆಂದರೆ, ಮುಷ್ಟಿಯಲ್ಲಿ ಒತ್ತಿದರೆ ಒಂದೆರಡು ಹನಿ ಬರಬೇಕು, ಧಾರೆಯಾಗಿ ಸುರಿಯಬಾರದು. ಬೀಜಕ್ಕೆ ಚಿಟಿಕೆ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಸವರಿ ಅರ್ಧ ಸೆಂಟಿಮೀಟರ್ ಆಳಕ್ಕೆ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದೆವು. 25ರಿಂದ 28 ಡಿಗ್ರಿ ಶಾಖ ಸಿಕ್ಕರೆ ಚೆನ್ನಾಗಿ ಮೊಳೆಯುತ್ತದೆ. ಮಳೆಗಾಲದ ಥಂಡಿ ಇದ್ದುದರಿಂದ ಟ್ರೇ ಒಳಗೆ, ಫ್ರಿಜ್ ಮೇಲೆ.

ಆಗಸ್ಟ್ 23, ದಿನ 9.
ಮೊದಲ ಮೊಳಕೆಗಳು ಕೊಕ್ಕೆಯಂತೆ ಬಾಗಿ ಮೇಲೆ ಬಂದವು. ಆ ಕ್ಷಣವೇ ಹಾಳೆ ತೆಗೆದು ಟ್ರೇಯನ್ನು ಬೆಳಕಿಗಿಡಬೇಕು. ಒಂದು ದಿನ ತಡವಾದರೂ ಕಾಂಡ ದಾರದಂತೆ ಉದ್ದವಾಗುತ್ತದೆ. ಎರಡು ಸಸಿಗಳ ತಲೆಯಲ್ಲಿ ಬೀಜದ ಸಿಪ್ಪೆ ಟೊಪ್ಪಿಗೆಯಂತೆ ಅಂಟಿಕೊಂಡಿತ್ತು. ಉಗುರಿನಿಂದ ಎಳೆದರೆ ಬೀಜದೆಲೆಯೇ ಕಿತ್ತು ಬರುತ್ತದೆ. ಒಂದು ಹನಿ ನೀರು ಬಿಟ್ಟರೆ ಮಾರನೇ ದಿನಕ್ಕೆ ತಾನೇ ಬಿಡುತ್ತದೆ. ಕೊನೆಗೆ ಹುಟ್ಟಿದ್ದು 24ರಲ್ಲಿ 19.

ಆಗಸ್ಟ್ 28, ದಿನ 14.
ಮೂರು ಸಸಿ ಬುಡದಲ್ಲಿ ನೀರಾಡಿ, ತೆಳ್ಳಗಾಗಿ ಮಲಗಿದವು: ಸಸಿ ಕೊಳೆ. ಮೋಡದ ದಿನ ಸಂಜೆ ಮೇಲಿಂದ ನೀರು ಚಿಮುಕಿಸಿದ್ದೇ ಕಾರಣ. ಈಗ ಬೆಳಿಗ್ಗೆ ಮಾತ್ರ, ಟ್ರೇಯನ್ನು ತಟ್ಟೆ ನೀರಲ್ಲಿ 15 ನಿಮಿಷ ಕೂರಿಸಿ ಬಸಿಯುತ್ತೇವೆ. ಮತ್ತೆ ಒಂದೂ ಬೀಳಲಿಲ್ಲ.

ಸೆಪ್ಟೆಂಬರ್ 19, ದಿನ 36.
ಆರೆಲೆ ಬಂದ ಎಂಟು ಗಟ್ಟಿ ಸಸಿಗಳ ನಾಟಿ. 15 ಇಂಚಿನ ಗ್ರೋ ಬ್ಯಾಗ್‌ಗೆ ಒಂದೇ ಗಿಡ. ಕೆಂಪು ಮಣ್ಣು ಎರಡು ಪಾಲು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು, ಕೋಕೋಪೀಟ್ ಒಂದು, ಚೀಲಕ್ಕೆ 100 ಗ್ರಾಂ ಬೇವಿನ ಹಿಂಡಿ. ಹಿಂದಿನ ಐದು ದಿನ ಸಸಿಗಳಿಗೆ ದಿನಕ್ಕೊಂದು ತಾಸು ಹೆಚ್ಚು ಬಿಸಿಲು ರೂಢಿ ಮಾಡಿಸಿದ್ದೆವು.

ಅಕ್ಟೋಬರ್ 11, ದಿನ 58.
ಗಿಡ ಮೊದಲು ಕವಲೊಡೆಯುವ ಜಾಗದಲ್ಲಿ ಒಂದು ಮೊಗ್ಗು ಬರುತ್ತದೆ. ಎಂಟೂ ಗಿಡದಲ್ಲಿ ಅದನ್ನು ಚಿವುಟಿದೆವು. ಮನಸ್ಸು ಬರುವುದಿಲ್ಲ, ಆದರೂ ಚಿವುಟಬೇಕು. ಆ ಕಾಯಿ ಉಳಿದರೆ ಗಿಡದ ಕಸುವೆಲ್ಲ ಅದಕ್ಕೇ ಹೋಗಿ ಕವಲುಗಳು ಕುಂಟುತ್ತವೆ.

ಅಕ್ಟೋಬರ್ 15, ದಿನ 62.
ಐದು ಗಿಡದ ಎಲೆ ಮುಟುರಿದೆ. ಇಲ್ಲಿ ಎಲ್ಲಕ್ಕೂ ಒಂದೇ ಔಷಧಿ ಹೊಡೆದು ಕೈಕಟ್ಟಿ ಕೂರುವವರೇ ಹೆಚ್ಚು. ಎಲೆ ಯಾವ ಕಡೆ ಮಡಚಿದೆ ಎಂದು ಮೊದಲು ನೋಡಬೇಕು. ಮೂರು ಗಿಡದಲ್ಲಿ ಅಂಚು ಮೇಲಕ್ಕೆ ಎದ್ದು ಎಲೆ ದೋಣಿಯಂತಾಗಿತ್ತು. ಕುಡಿಯನ್ನು ಬಿಳಿ ಕಾಗದದ ಮೇಲೆ ತಟ್ಟಿದಾಗ ಒಣಹುಲ್ಲಿನ ಬಣ್ಣದ, ಗೆರೆಯಷ್ಟು ಸಣ್ಣ ಹುಳುಗಳು ಹರಿದಾಡಿದವು. ಅದು ಥ್ರಿಪ್ಸ್, ಎಲೆಯ ರಸ ಹೀರುವ ಕೀಟ. ಇನ್ನೆರಡರಲ್ಲಿ ಅಂಚು ಕೆಳಕ್ಕೆ ಮಡಚಿ, ತೊಟ್ಟು ಉದ್ದವಾಗಿ, ಎಲೆ ಕವುಚಿದ ದೋಣಿಯಂತಿತ್ತು. ಕಾಗದದಲ್ಲಿ ಏನೂ ಕಾಣಲಿಲ್ಲ, ಎಲೆಯಡಿಗೆ ಭೂತಗನ್ನಡಿ ಹಿಡಿದಾಗ ಕಂಡಿದ್ದು ಮೈಟ್ ನುಸಿ.

ಥ್ರಿಪ್ಸ್‌ಗೆ ನೀಲಿ ಅಂಟುಹಾಳೆ, ಜೊತೆಗೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸೋಪಿನ ನೀರಲ್ಲಿ ಕಲಸಿ ವಾರಕ್ಕೊಮ್ಮೆ. ನುಸಿಗೆ ನೀರಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ, ಸಂಜೆ, ಎಲೆಯಡಿಗೆ. ಒಂದೇ ಗಿಡಕ್ಕೆ ಎಣ್ಣೆ ಮತ್ತು ಗಂಧಕ ಎರಡೂ ಬೇಡ; ನಡುವೆ ಎರಡು ವಾರ ಬಿಡದಿದ್ದರೆ ಎಲೆ ಸುಡುತ್ತದೆ. ಮುಟುರಿದ ಹಳೆ ಎಲೆ ನೆಟ್ಟಗಾಗದು. ಹೊಸ ಚಿಗುರು ಹೇಗಿದೆ ಎಂಬುದೇ ಲೆಕ್ಕ. ಅಕ್ಟೋಬರ್ 27ರ ಹೊತ್ತಿಗೆ ಎಲ್ಲ ಐದರಲ್ಲೂ ಚಪ್ಪಟೆ ಎಲೆ ಬಂದವು.

ನವೆಂಬರ್ 14, ದಿನ 92.
ನಾಲ್ಕು ಕಾಯಿಯ ತುದಿಯಲ್ಲಿ ಕಂದು ಬಣ್ಣದ, ಚರ್ಮದಂಥ ಗುಳಿ. ಇದು ರೋಗವಲ್ಲ, ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದ ಕೊರತೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದು ನೀರಿನ ಜೊತೆಗೇ ಹರಿಯಬೇಕು. ಎರಡು ದಿನ ಒಣಗಿಸಿ ಮೂರನೇ ದಿನ ಮುಳುಗಿಸಿದ್ದು ತಪ್ಪು. ಮೊಟ್ಟೆ ಸಿಪ್ಪೆ ಹಾಕಿದರೆ ಅದು ಕರಗುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತದೆ. ದಿನ ಬೆಳಿಗ್ಗೆ ಗಿಡಕ್ಕೆ ಒಂದೂವರೆ ಲೀಟರ್, ಬುಡಕ್ಕೆ ಎರಡಿಂಚು ತರಗೆಲೆ ಹೊದಿಕೆ. ಹಾಳಾದ ಕಾಯಿ ಕಿತ್ತೆವು, ಆಮೇಲೆ ಕಟ್ಟಿದ ಕಾಯಿಗಳು ಶುದ್ಧವಾಗಿವೆ.

ನವೆಂಬರ್ 26, ದಿನ 104.
ಮೊದಲ ಹಸಿರು ಕೊಯ್ಲು: 11 ಕಾಯಿ, 1 ಕಿಲೋ 200 ಗ್ರಾಂ. ಕೈಯಲ್ಲಿ ಎಳೆದರೆ ಕವಲು ಸೀಳುತ್ತದೆ, ತೊಟ್ಟು ಸಮೇತ ಕತ್ತರಿಯಲ್ಲೇ ಕತ್ತರಿಸಬೇಕು. ಬಣ್ಣಕ್ಕೆಂದು ಗಿಡಕ್ಕೆ ಎರಡೇ ಕಾಯಿ ಬಿಟ್ಟಿದ್ದೇವೆ. ಹೆಚ್ಚು ಬಿಟ್ಟರೆ ಹೊಸ ಹೂವು ಬರುವುದೇ ನಿಲ್ಲುತ್ತದೆ.

ಡಿಸೆಂಬರ್ 22, ದಿನ 130.
ಚಾಕೊಲೇಟ್ ಬಣ್ಣಕ್ಕೆ ತಿರುಗಿ ವಾರವಾದ ಮೇಲೆ ಮೊದಲ ಕಾಯಿಗಳು ಪೂರ್ತಿ ಕೆಂಪಾಗಿವೆ. ಎರಡು ಕಾಯಿಯ ಬೀಜ ಬಿಡಿಸಿ ನೆರಳಲ್ಲಿ ಹರಡಿದ್ದೇವೆ, ಹತ್ತು ದಿನಕ್ಕೆ ಒಣಗುತ್ತದೆ. ಪಕ್ಕದಲ್ಲಿ ಖಾರದ ಮೆಣಸಿನ ಗಿಡವಿದ್ದರೆ ಪರಾಗ ಬೆರೆಯುತ್ತದೆ. ಈ ಸಲದ ಕಾಯಿಯ ರುಚಿ ಬದಲಾಗುವುದಿಲ್ಲ, ಈ ಬೀಜದಿಂದ ಬರುವ ಗಿಡದ ಕಾಯಿ ಖಾರವಾಗಬಹುದು. ಅದಕ್ಕೇ ಬೀಜದ ಎರಡು ಮೊಗ್ಗುಗಳಿಗೆ ಅರಳುವ ಮುಂಚೆಯೇ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಟ್ಟಿದ ಮೇಲೆ ತೆಗೆದು, ತೊಟ್ಟಿಗೆ ಕೆಂಪು ದಾರ ಸುತ್ತಿದ್ದೆವು.