ಸೇಂಟ್ ಆಗಸ್ಟೀನ್ ದಕ್ಕೆಯಲ್ಲಿ ನಾಲ್ಕು ದಿನ

ನಾನು ಹುಟ್ಟಿ ಬೆಳೆದದ್ದು ಗಂಗೊಳ್ಳಿಯಲ್ಲಿ. ಮನೆಯಿಂದ ಬೋಟು ಕಟ್ಟುವ ದಕ್ಕೆಗೆ ಐದು ನಿಮಿಷದ ದಾರಿ. ಅಪ್ಪಯ್ಯ ಮೂವತ್ತು ವರ್ಷ ಟ್ರಾಲ್ ಬೋಟು ನಡೆಸುವ ತಂಡೇಲರಾಗಿದ್ದವರು. ಆದರೂ ಮದುವೆಯಾಗಿ ಅಮೆರಿಕಕ್ಕೆ ಬರುವ ತನಕ ನಾನು ಒಂದು ಸಲವೂ ಬೋಟು ಹತ್ತಿದವಳಲ್ಲ. ನಮ್ಮಲ್ಲಿ ಹೆಂಗಸರ ಕೆಲಸವೆಲ್ಲ ದಕ್ಕೆಯಿಂದ ಈಚೆಗೆ. ಮೀನು ಆರಿಸುವುದು, ಬುಟ್ಟಿ ಹೊರುವುದು, ಮಾರುವುದು, ಉಳಿದದ್ದನ್ನು ಒಣಗಿಸುವುದು. ದಕ್ಕೆಯಿಂದ ಆಚೆಗಿನದು ಗಂಡಸರದ್ದು. ಯಾರೂ ನನಗೆ ಬೇಡ ಅಂದಿರಲಿಲ್ಲ. ಕೇಳಬಹುದು ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಇವರದು ತಿಪಟೂರಿನ ಕಡೆ. ತೆಂಗಿನ ತೋಟ, ಮಳೆ ಬಂದರೆ ತುಂಬುವ ಕೆರೆ. ಸಮುದ್ರವನ್ನು ಮೊದಲು ನೋಡಿದ್ದು ಕಾಲೇಜಿನ ಪ್ರವಾಸದಲ್ಲಂತೆ. ಹಾಯಿದೋಣಿಯ ಹುಚ್ಚು ಹಿಡಿದದ್ದು ಮಾತ್ರ ಇವರಿಗೇ. ಆರು ವರ್ಷದ ಹಿಂದೆ ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಮೂವತ್ತೆರಡು ಅಡಿಯ ಹಳೆಯ ದೋಣಿಯೊಂದನ್ನು ಗೆಳೆಯರ ಜೊತೆ ಪಾಲಿನಲ್ಲಿ ಕೊಂಡರು. ವಾರಾಂತ್ಯದ ಸುತ್ತಾಟದಲ್ಲಿ ನಾನು ಹಗ್ಗ ಹಿಡಿಯುವುದು, ಹಾಯಿ ಮಡಚುವುದು ಕಲಿತೆ. ಆಮೇಲೆ ಚುಕ್ಕಾಣಿಯನ್ನೂ ಹಿಡಿದೆ, ಆದರೆ ಬಯಲು ನೀರಿನಲ್ಲಿ ಮಾತ್ರ. ದಕ್ಕೆ ಹತ್ತಿರ ಬಂದ ಕೂಡಲೇ ಚುಕ್ಕಾಣಿ ಇವರ ಕೈಗೆ ಹೋಗುತ್ತಿತ್ತು.

ಕಳೆದ ನವೆಂಬರಿನಲ್ಲಿ ಇಬ್ಬರೂ ರಜೆ ಕೂಡಿಸಿಕೊಂಡು ತೆಂಕಕ್ಕೆ ಹೊರಟೆವು. ಅಮೆರಿಕದ ಮೂಡಣ ಕರಾವಳಿಯಲ್ಲಿ ಇಂಟ್ರಾಕೋಸ್ಟಲ್ ವಾಟರ್‌ವೇ ಅನ್ನುವ ಒಳದಾರಿಯೊಂದಿದೆ. ನದಿ, ಹಿನ್ನೀರು, ತೋಡಿದ ಕಾಲುವೆ ಎಲ್ಲವನ್ನೂ ಜೋಡಿಸಿ ಮಾಡಿದ್ದು. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಸೊನ್ನೆಯ ಮೈಲಿ, ಅಲ್ಲಿಂದ ಫ್ಲಾರಿಡಾದ ಕೊನೆಯವರೆಗೆ ಲೆಕ್ಕ. ಹೊರಗಿನ ಅಲೆಗಳ ಗೊಡವೆಯಿಲ್ಲದೆ ಸಣ್ಣ ದೋಣಿಗಳೂ ಸಾಗಬಹುದು. ಚಂಡಮಾರುತದ ಋತು ಮುಗಿಯುತ್ತಾ ಬಂದು ಬಡಗಣದಲ್ಲಿ ಚಳಿ ಬಿದ್ದ ಕೂಡಲೇ ನೂರಾರು ದೋಣಿಗಳು ಹಕ್ಕಿಗಳ ಹಾಗೆ ಈ ದಾರಿಯಲ್ಲಿ ಇಳಿಯುತ್ತವೆ. ಜಾರ್ಜಿಯಾದಲ್ಲಿ ಉಬ್ಬರಕ್ಕೂ ಇಳಿತಕ್ಕೂ ಏಳರಿಂದ ಒಂಬತ್ತು ಅಡಿ ಅಂತರ. ಮಧ್ಯಾಹ್ನ ಹುಲ್ಲುಗಾವಲಿನ ತುದಿಯನ್ನು ಮುಟ್ಟಿ ನಿಂತ ನೀರು ಸಂಜೆಗೆ ಆಳೆತ್ತರಕ್ಕಿಂತ ಹೆಚ್ಚು ಕೆಳಗೆ ಹೋಗಿ ಕೆಸರಿನ ಗೋಡೆ ಎದ್ದಿರುತ್ತದೆ. ಅದನ್ನೆಲ್ಲ ದಾಟಿ ಹನ್ನೊಂದನೆಯ ದಿನ ಫ್ಲಾರಿಡಾದ ಸೇಂಟ್ ಆಗಸ್ಟೀನ್ ಮುಟ್ಟಿದೆವು.

1565ರಲ್ಲಿ ಸ್ಪೇನಿನವರು ಕಟ್ಟಿದ ಊರು ಅದು. ನೀರಿನ ಅಂಚಿಗೇ ಬೂದು ಬಣ್ಣದ ಕೋಟೆ, ಕಾಸ್ಟಿಯೊ ದೆ ಸಾನ್ ಮಾರ್ಕೋಸ್. 1672ರಲ್ಲಿ ಶುರುವಾಗಿ 1695ರಲ್ಲಿ ಮುಗಿದದ್ದು. ಅದರ ಕಲ್ಲನ್ನು ಕೈಯಿಂದ ಸವರಿ ನೋಡಬೇಕು. ಪೂರ್ತಿ ಚಿಪ್ಪು. ಉಗುರಿನಷ್ಟು ಚಿಕ್ಕ ಚಿಕ್ಕ ಚಿಪ್ಪುಗಳು ಒಂದಕ್ಕೊಂದು ಅಂಟಿ ಗಟ್ಟಿಯಾದ ಕೊಕೀನಾ ಅನ್ನುವ ಕಲ್ಲು. ಎದುರಿನ ಅನಸ್ಟೇಷಿಯಾ ದ್ವೀಪದಿಂದ ಕಡಿದು ತಂದದ್ದು. 1702ರಲ್ಲಿ ಇಂಗ್ಲಿಷರು ಮುತ್ತಿಗೆ ಹಾಕಿ ಗುಂಡು ಹೊಡೆದಾಗ ಗೋಡೆ ಸೀಳಲಿಲ್ಲ, ಗುಂಡನ್ನೇ ಒಳಗೆ ಎಳೆದುಕೊಂಡಿತು. ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದ ಊರಿನವಳಾದ ನಾನು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಆದರೆ ಅದು ಮಾರನೆಯ ದಿನದ ಮಾತು. ಬಂದ ದಿನ ಕೋಟೆ ನೋಡುವ ಸ್ಥಿತಿಯಲ್ಲಿ ಇರಲಿಲ್ಲ.

ಕೋಟೆಯ ತೆಂಕಕ್ಕೆ ಬ್ರಿಜ್ ಆಫ್ ಲಯನ್ಸ್. 1927ರ ಸೇತುವೆ. ನಡುವಿನ ತುಂಡು ಎರಡಾಗಿ ಮೇಲೆದ್ದು ದೋಣಿಗಳಿಗೆ ದಾರಿ ಬಿಡುತ್ತದೆ, ಹಗಲಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ. ದೋಣಿ ಕಟ್ಟಿ ತಂಗುವ ಜಾಗ, ನಗರಸಭೆಯ ಮರೀನಾ, ಇರುವುದು ಸೇತುವೆ ದಾಟಿದ ಕೂಡಲೇ ಬಲಕ್ಕೆ. ನಾವು ಸಂಜೆ ನಾಲ್ಕೂವರೆಯ ತೆರವಿಗೆ ಸೇತುವೆ ದಾಟಿದೆವು. ಐದೂವರೆಗೆ ಕತ್ತಲು, ಅದಕ್ಕೆ ಮೊದಲು ಕಟ್ಟಿ ಬಿಡಬೇಕೆಂಬ ಆತುರ. ಆವತ್ತು ಮಧ್ಯಾಹ್ನ ಒಂದೂವರೆಯ ಮೇಲೆ ಇಳಿತ ಶುರುವಾಗಿತ್ತು. ಅಂದರೆ ನಾವು ಬಂದದ್ದು ಇಳಿತದ ನಟ್ಟನಡುವಿಗೆ, ಮಟಾಂಝಸ್ ನದಿ ಪೂರ್ತಿ ವೇಗದಲ್ಲಿ ಅಳಿವೆಯ ಕಡೆಗೆ ಓಡುವ ಹೊತ್ತಿಗೆ. ನೀರಿನಲ್ಲಿ ನೆಟ್ಟ ಕಂಬಗಳ ಹಿಂದೆ ಸುಳಿ ಕಾಣುತ್ತಿತ್ತು. ನಾನು ನೋಡಿದೆ. "ನೀರ್ ನಿತ್ತ್ ಮೇಲೆ ಒಳ್ಗ್ ಬರ್ಕ್" ಎಂದು ಅಪ್ಪಯ್ಯ ಊಟದ ಹೊತ್ತಿಗೆ ಬೋಟಿನ ಹುಡುಗರಿಗೆ ಹೇಳುತ್ತಿದ್ದದ್ದು ನೂರು ಸಲ ಕೇಳಿದ ಮಾತು; ನೀರಿನ ಹರಿವು ನಿಂತ ಮೇಲೆ ಒಳಗೆ ಬರಬೇಕು ಅಂತ. ಅದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಈಗಲೂ ಅದು ನನಗೆ ನೋವಿನ ವಿಷಯ.

ಇವರು ದೋಣಿಯನ್ನು ತಿರುಗಿಸಿದ ಕೂಡಲೇ ನೀರು ಪಕ್ಕೆಗೆ ಬಿತ್ತು. ನಮ್ಮ ದೋಣಿಗೆ ಉದ್ದಕ್ಕೂ ಇಳಿದ ಅಡಿಹಲಗೆ. ಹೊಳೆಯ ನೀರು ಅದನ್ನು ಹಿಡಿದು ದೂಡಿದರೆ ತಡೆಯುವುದು ಇಂಜಿನ್‌ಗೂ ಕಷ್ಟ. ನಮಗೆ ಕೊಟ್ಟ ಜಾಗ ನೋಡನೋಡುತ್ತ ಹಿಂದೆ ಸರಿಯಿತು, ಅದರ ಪಕ್ಕದಲ್ಲಿ ಕಟ್ಟಿದ್ದ ದೊಡ್ಡ ದೋಣಿಯ ಮೂತಿ ಹತ್ತಿರ ಬಂತು. ನಾನು ಹಗ್ಗ ಎಸೆದೆ, ನೀರಿಗೆ ಬಿತ್ತು. ಎಳೆದುಕೊಂಡು ಮತ್ತೆ ಎಸೆದೆ. ಅಷ್ಟರಲ್ಲಿ ದಕ್ಕೆಯ ಮೇಲೆ ಓಡುವ ಕಾಲಿನ ಸದ್ದು. ಬಿಳಿ ಗಡ್ಡದ ಮುದುಕರೊಬ್ಬರು ಹಗ್ಗವನ್ನು ಗಾಳಿಯಲ್ಲೇ ಹಿಡಿದು ಹಗ್ಗ ಕಟ್ಟುವ ಕ್ಲೀಟಿಗೆ ಒಂದು ಸುತ್ತು ಹಾಕಿದರು. ಇನ್ನೊಬ್ಬ ಹೆಂಗಸು ದೋಣಿಗೆ ಪೆಟ್ಟಾಗದ ಹಾಗೆ ಪಕ್ಕಕ್ಕೆ ಇಳಿಬಿಡುವ ತನ್ನ ಫೆಂಡರನ್ನೇ ಕಿತ್ತು ತಂದು ನಡುವೆ ತೂರಿದಳು. ಮೂರನೆಯವನು ಬರಿಗೈಯಲ್ಲಿ ದೋಣಿಯ ಮೂತಿ ಹಿಡಿದು ನಿಂತ. ಅವರಲ್ಲಿ ಒಬ್ಬರೂ ಕೂಗಲಿಲ್ಲ. ನಮ್ಮ ಅಂಚಿನ ಕಂಬಿಯೊಂದು ಬಾಗಿತು, ಆ ದೊಡ್ಡ ದೋಣಿಗೆ ಒಂದು ಗೀರೂ ಆಗಲಿಲ್ಲ.

ಎಲ್ಲ ಕಟ್ಟಿ ಮುಗಿದ ಮೇಲೆ ಇವರು ಚುಕ್ಕಾಣಿಯ ಹತ್ತಿರವೇ ಕೂತುಬಿಟ್ಟರು. ಕೈ ನಡುಗುತ್ತಿತ್ತು. "ನೀನು ನೀರು ನೋಡಿದ್ಯಲ್ಲ, ಯಾಕೆ ಹೇಳಲಿಲ್ಲ?" ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬಡಗುಮೂಡಣ ಗಾಳಿ ಎದ್ದಿತು. ಎರಡು ದಿನ ಯಾರೂ ಕದಲುವ ಹಾಗಿಲ್ಲ. ಸೇಂಟ್ ಆಗಸ್ಟೀನಿನ ಅಳಿವೆ ನಮ್ಮ ಗಂಗೊಳ್ಳಿಯ ಅಳಿವೆಯ ಹಾಗೆಯೇ ಮರಳಿನ ಆಟ. ದಿಬ್ಬ ಸರಿಯುತ್ತಾ ಇರುತ್ತದೆ, ದಾರಿ ತೋರಿಸಲು ತೇಲಿಬಿಟ್ಟ ಬೋಯೆಗಳನ್ನು ಆಗಾಗ ಕಿತ್ತು ಬೇರೆ ಕಡೆ ಹಾಕುತ್ತಾರೆ, ಅದಕ್ಕೇ ನಕಾಶೆಯಲ್ಲಿ ಅವುಗಳ ಜಾಗವನ್ನೇ ತೋರಿಸುವುದಿಲ್ಲ. ಹೊರಗಿಂದ ಗಾಳಿ, ಒಳಗಿಂದ ಇಳಿತದ ನೀರು. ಎರಡೂ ಎದುರಾದರೆ ಅಲೆ ಗೋಡೆಯಂತೆ ಏಳುತ್ತದೆ. ಅಂಥ ಅಳಿವೆಯ ಬಾಯಲ್ಲಿ ನಮ್ಮೂರಿನವರು ದೋಣಿ ಕಳಕೊಂಡದ್ದಿದೆ, ಜೀವ ಕಳಕೊಂಡದ್ದೂ ಇದೆ. ಗಾಳಿಯ ಸದ್ದಿಗೆ ಅಬ್ಬಿ (ನನ್ನ ಅಮ್ಮ) ಅಡುಗೆಮನೆಯಲ್ಲಿ ಕೆಲಸ ಬಿಟ್ಟು ನಿಲ್ಲುತ್ತಿದ್ದದ್ದು ನೆನಪಾಯಿತು.

ಆ ಎರಡು ದಿನ ನನಗೆ ಮರೀನಾ ಅಂದರೆ ಏನೆಂದು ಅರ್ಥವಾಯಿತು. ಅಲ್ಲಿಯ ತನಕ ಅದು ರಾತ್ರಿ ಕಳೆಯುವ ಜಾಗ ಅಷ್ಟೆ. ದೋಣಿಯ ಉದ್ದವನ್ನು ಅಡಿಯಲ್ಲಿ ಅಳೆದು ರಾತ್ರಿಗೆ ಇಷ್ಟು ಎಂದು ಕೊಡುತ್ತೇವೆ, ಕರೆಂಟಿನ ಹಳದಿ ಕೇಬಲ್ ಸಿಕ್ಕಿಸುತ್ತೇವೆ, ಕುಡಿಯುವ ನೀರು ತುಂಬಿಸುತ್ತೇವೆ, ಶೌಚದ ಟ್ಯಾಂಕ್ ಖಾಲಿ ಮಾಡಿಸುತ್ತೇವೆ, ಬಿಸಿನೀರಿನ ಸ್ನಾನ ಮಾಡುತ್ತೇವೆ. ಗಾಳಿಯಲ್ಲಿ ಸಿಕ್ಕಿಬಿದ್ದಾಗ ಅದೇ ಒಂದು ಕೇರಿಯಾಗುತ್ತದೆ. ಬಟ್ಟೆ ಒಗೆಯುವ ಯಂತ್ರದ ಮುಂದೆ ಸಾಲು, ಅಲ್ಲೇ ಮಾತು. ಮುಂದಿನ ಊರಲ್ಲಿ ಎಲ್ಲಿ ಮರಳು ಬಿದ್ದಿದೆ, ಯಾವ ಸೇತುವೆಯ ಕೆಳಗೆ ನೀರು ಜೋರು, ಯಾರ ಇಂಜಿನ್ ಬಿಸಿಯಾಯಿತು. ನಮ್ಮ ದಕ್ಕೆಯಲ್ಲಿ ಬಲೆ ಹೊಲಿಯುತ್ತ ಕೂತವರ ಮಾತು ಇದೇ. ಇಲ್ಲಿ ಹೆಂಗಸರೂ ಅದರಲ್ಲಿದ್ದರು. ಫೆಂಡರ್ ತೂರಿದವಳು ಕೆನಡಾದ ನಿವೃತ್ತ ನರ್ಸ್. ಗಂಡ ತೀರಿದ ಮೇಲೆ ಮೂರನೆಯ ಸಲ ಒಬ್ಬಳೇ ಈ ದಾರಿಯಲ್ಲಿ ಬರುತ್ತಿದ್ದಾಳೆ. ಅವಳ ಅಂಗೈ ಅಬ್ಬಿಯ ಅಂಗೈಯಷ್ಟೇ ಒರಟು.

ಮೂರನೆಯ ದಿನ ಗಾಳಿ ತಗ್ಗಿದಾಗ ದಡದ ಗೋಡೆಯ ಮೇಲೆ ಒಬ್ಬ ಬೀಸುಬಲೆ ಬೀಸುತ್ತಿದ್ದ. ಬಲೆಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಸೊಂಟ ತಿರುಗಿಸಿ ಎಸೆದರೆ ನೀರಿನ ಮೇಲೆ ದುಂಡಗೆ ಬಿಡಿಸಿ ಬೀಳುತ್ತಿತ್ತು. ಥೇಟ್ ನಮ್ಮೂರಿನವರ ಹಾಗೆ. ಮಾತಾಡಿಸಿದೆ. ಅವನ ಹಿರಿಯರು ಮಿನೋರ್ಕಾ ದ್ವೀಪದಿಂದ 1768ರಲ್ಲಿ ಫ್ಲಾರಿಡಾದ ತೋಟವೊಂದಕ್ಕೆ ಕೂಲಿಗೆ ಬಂದು, 1777ರಲ್ಲಿ ಆ ತೋಟದಿಂದ ತಪ್ಪಿಸಿಕೊಂಡು ಈ ಊರು ಸೇರಿದವರಂತೆ. ನಾಲ್ಕು ಮಲೆಟ್ ಮೀನು ಕೊಟ್ಟ, ದುಡ್ಡು ಬೇಡವೆಂದ. ನನ್ನ ಡಬ್ಬಿಯಲ್ಲಿ ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ ಇತ್ತು. ತೆಂಗಿನ ಹಾಲಿನ ಡಬ್ಬ ಒಡೆದು ಗಸಿ ಮಾಡಿದೆ. ಹಗ್ಗ ಹಿಡಿದ ಮುದುಕರು ಡಾಟಿಲ್ ಮೆಣಸಿನ ಸಾಸ್ ತಂದರು. ಈ ಊರಿನ ಹೆಸರಿಗೇ ಅಂಟಿಕೊಂಡ ಮೆಣಸು, ನಮ್ಮ ಸೂಜಿಮೆಣಸಿಗೆ ಕಮ್ಮಿಯಿಲ್ಲದ ಖಾರ. ಆರು ಜನ ನಮ್ಮ ಪುಟ್ಟ ದೋಣಿಯಲ್ಲಿ ಮೊಣಕಾಲು ತಾಗಿಸಿಕೊಂಡು ಕೂತು ಉಂಡೆವು.

ನಾಲ್ಕನೆಯ ದಿನ ಕಚೇರಿಯವರು ಬಂದು, ನಿಮ್ಮ ಜಾಗಕ್ಕೆ ಮೊದಲೇ ಕಾದಿರಿಸಿದ ದೊಡ್ಡ ದೋಣಿ ಬರುತ್ತದೆ, ಒಳಗಿನ ಸಾಲಿಗೆ ಸರಿದುಕೊಳ್ಳಬಹುದೇ ಎಂದು ವಿನಯದಿಂದ ಕೇಳಿದರು. ಒಳಗಿನ ಜಾಗ ಇನ್ನೂ ಇಕ್ಕಟ್ಟು.

"ನಾನು ತಗೊಂಡು ಹೋಗ್ತೇನೆ" ಅಂದೆ.

ಇವರು ನನ್ನ ಮುಖ ನೋಡಿದರು. "ಯಾವಾಗ?" ಅಂದರು. ಆ ಒಂದೇ ಪ್ರಶ್ನೆ ಕೇಳಿದ್ದಕ್ಕೆ ನಾನು ಇವರಿಗೆ ಋಣಿ.

"ನೀರು ನಿಂತ ಮೇಲೆ."

ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ ನೀರು ತಡವಾಗುತ್ತಾ ಹೋಗುತ್ತದೆ. ಲೆಕ್ಕದ ಪ್ರಕಾರ ಆವತ್ತು ನಾಲ್ಕು ಗಂಟೆಯ ಸುಮಾರಿಗೆ ಉಬ್ಬರದ ಕೊನೆ. ಆದರೆ ನೀರು ಏರುವುದು ನಿಂತ ಗಳಿಗೆಯೂ ಹರಿಯುವುದು ನಿಂತ ಗಳಿಗೆಯೂ ಒಂದೇ ಆಗಿರಬೇಕೆಂದಿಲ್ಲ. ಪುಸ್ತಕ ಮುಚ್ಚಿಟ್ಟು ಮೂರೂವರೆಗೇ ದಕ್ಕೆಯ ತುದಿಯಲ್ಲಿ ಕೂತೆ. ಎದುರಿಗೆ ಒಂದು ಕಂಬ, ಬುಡದಲ್ಲಿ ಚಿಪ್ಪು ಕಚ್ಚಿಕೊಂಡದ್ದು. ನೀರು ಅದನ್ನು ಬಳಸಿ ಹೋಗುವಾಗ ಹಿಂದೆ ಬಾಣದ ಮೊನೆಯಂಥ ಎರಡು ಗೆರೆ. ಗೆರೆ ಮೊದಲು ಅಗಲವಾಯಿತು. ಆಮೇಲೆ ತೆಳ್ಳಗಾಯಿತು. ಒಣ ಹುಲ್ಲಿನ ಕಡ್ಡಿಯೊಂದು ತೇಲಿ ಬಂದು ಕಂಬದ ಹತ್ತಿರ ಬರುತ್ತಾ ಬರುತ್ತಾ ನಿಧಾನಿಸಿತು, ಅರೆ ಸುತ್ತು ತಿರುಗಿತು, ನಿಂತಿತು. ಗೆರೆಗಳು ಇರಲಿಲ್ಲ. ಕಂಬದ ನೆರಳು ನೀರಿನಲ್ಲಿ ನೆಟ್ಟಗೆ ಬಿದ್ದಿತ್ತು. "ನೀರ್ ನಿತ್ತ್ ಕಾಣ್" ಎಂದು ನನ್ನ ಬಾಯಿಂದ ಗಟ್ಟಿಯಾಗಿಯೇ ಬಂತು.

ಹಗ್ಗ ಬಿಚ್ಚಿದೆವು. ಇಂಜಿನ್ ತೀರ ನಿಧಾನ. ಒಳಗಿನ ಸಾಲಿನ ಎದುರಿಗೆ ಬಂದಾಗ ಗೇರು ತೆಗೆದು ಸುಮ್ಮನೆ ಬಿಟ್ಟು ನೋಡಿದೆ. ಅಪ್ಪಯ್ಯ ಅಳಿವೆ ಹೊಗುವಾಗ ದಡದ ಎರಡು ಗುರುತುಗಳನ್ನು ಒಂದೇ ಗೆರೆಗೆ ತರುತ್ತಿದ್ದರಂತೆ, ಅವು ಒಂದರಿಂದೊಂದು ಬಿಟ್ಟರೆ ನೀರು ಎಳೆಯುತ್ತಿದೆ ಎಂದು ಅರ್ಥ. ನಾನು ಮುಂದಿನ ಕಂಬವನ್ನೂ ಹಿಂದಿನ ಬೀದಿದೀಪವನ್ನೂ ಒಂದರ ಹಿಂದೊಂದು ಇಟ್ಟುಕೊಂಡೆ. ಬಿಡಲಿಲ್ಲ. ಚುಕ್ಕಾಣಿ ತಿರುಗಿಸಿ ಸ್ವಲ್ಪ ಮುಂದೆ, ಒಂದು ಕ್ಷಣ ಹಿಂದೆ, ಮತ್ತೆ ಮುಂದೆ. ದೋಣಿ ಕೊಟ್ಟಿಗೆಗೆ ಬರುವ ಹಸುವಿನ ಹಾಗೆ ತನ್ನ ಜಾಗಕ್ಕೆ ಹೋಗಿ ನಿಂತಿತು. ಇವರು ದಕ್ಕೆಗೆ ಕಾಲಿಟ್ಟು ಇಳಿದು ಹಗ್ಗ ಹಾಕಿದರು. ಮುದುಕರು ಬಂದು ನಿಂತಿದ್ದರು, ಕೈ ಜೇಬಿನಲ್ಲೇ ಇತ್ತು.

ಸಂಜೆ ಆರಕ್ಕೆ ಅಪ್ಪಯ್ಯನಿಗೆ ವೀಡಿಯೊ ಕರೆ ಮಾಡಿದೆ. ಗಂಗೊಳ್ಳಿಯಲ್ಲಿ ನಸುಕಿನ ನಾಲ್ಕೂವರೆ. ಕಡಲಿಗೆ ಹೋಗುವುದು ಬಿಟ್ಟು ಎಂಟು ವರ್ಷವಾದರೂ ಅವರು ಏಳುವ ಹೊತ್ತು ಅದೇ. ಕರೆಯುವ ಮೊದಲು ಬಹಳ ಯೋಚಿಸಿದ್ದೆ. ದೋಣಿ ತೋರಿಸಿದೆ, ಹಾಯಿಕಂಬ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಚುಕ್ಕಾಣಿ ಯಾರ್ ಹಿಡ್ದದ್ದ್?"

"ನಾನೇ, ಅಪ್ಪಯ್ಯ."

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಅಬ್ಬಿ ಒಲೆಯ ಹತ್ತಿರ ಪಾತ್ರೆ ಇಡುವ ಸದ್ದು ಕೇಳುತ್ತಿತ್ತು.

"ಹಗ್ಗ ಬಿಗಿ ಕಟ್ಬೇಡ. ನೀರ್ ಇಳ್ದ್ರೆ ಬೋಟ್ ನೇತಾಡತ್ತ್."

ಮನೆಗೆ ಬಂದ ಹುಡುಗರಿಗೆ ಹೇಳುವ ಅದೇ ದನಿ. ನನಗೆ ಗಂಟಲು ಕಟ್ಟಿತು. ಇಲ್ಲಿಯ ದಕ್ಕೆ ತೇಲುವಂಥದ್ದು, ನೀರಿನ ಜೊತೆ ಅದೂ ಏರಿ ಇಳಿಯುತ್ತದೆ, ಹಗ್ಗ ಸಡಿಲ ಬಿಡಬೇಕಾಗಿಲ್ಲ ಎಂದು ಹೇಳಿದೆ. ಅವರು ನಂಬಲಿಲ್ಲ. ದೀಪದ ಬೆಳಕಿನಲ್ಲಿ ಬಗ್ಗಿ, ದಕ್ಕೆಯ ಅಂಚಿನ ಬಳೆ ಕಂಬವನ್ನು ಸುತ್ತಿಕೊಂಡಿರುವಲ್ಲಿಗೆ ಫೋನು ಹಿಡಿದೆ. ಅಷ್ಟರಲ್ಲಿ ನೀರು ಇಳಿಯತೊಡಗಿತ್ತು. ಬಳೆಯ ಮೇಲೆ ಕಂಬದ ಒದ್ದೆ ಭಾಗ ಒಂದು ಗೇಣು ಹೊಳೆಯುತ್ತಿತ್ತು.

"ಇನ್ನೊಂದ್ ಸಲ ತೋರ್ಸ್ ಕಾಂಬ" ಅಂದರು ಅಪ್ಪಯ್ಯ.