ಕೋರೆ, ಬಾವಿ, ಗುಡ್ಡೆ ಮತ್ತು ತಮ್ಮನ ಮಸೂದೆ

ನನ್ನ ಚಿಕ್ಕಮ್ಮನ ಮಗ ಎಂಎಸ್ಸಿ ಜಿಯಾಲಜಿ ಮಾಡ್ತಿದ್ದಾನೆ, ಅವರ ಕಾಲೇಜಲ್ಲಿ ಬರುವ ಶನಿವಾರ ಅಣಕು ವಿಧಾನಸಭೆ ಉಂಟಂತೆ, ಇವನಿಗೆ ಮಂತ್ರಿ ಪಾರ್ಟು. ಮಂಡಿಸಬೇಕಾದ ಮಸೂದೆ ಎಂಥದ್ದು ಅಂದ್ರೆ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅಂತರ್ಜಲದವರು, ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಇದನ್ನೆಲ್ಲ ಸೇರಿಸಿ ಒಂದೇ ಇಲಾಖೆ ಮಾಡುದು. ಕಳೆದ ಆದಿತ್ಯವಾರ ಭಾಷಣ ಬರ್ಕೊಂಡು ಮನೆಗೆ ಬಂದ, "ಅಕ್ಕ, ಒಮ್ಮೆ ಕೇಳು, ವಿರೋಧ ಪಕ್ಷದವರು ಎಲ್ಲಿ ಹಿಡೀತಾರೆ ಹೇಳು" ಅಂದ. ಕೇಳ್ತಾ ಕೂತೆ. ಒಬ್ಬರೇ ನಿರ್ದೇಶಕರು ಸಾಕು, ಒಂದೇ ಕಟ್ಟಡ ಸಾಕು, ಜೀಪು ಡ್ರೈವರು ಎಲ್ಲ ಉಳಿತಾಯ, ಸಾರ್ವಜನಿಕರಿಗೆ ಒಂದೇ ಕಿಟಕಿ, ಹೀಗೆ ಎರಡು ಪುಟ. ಮಣ್ಣು, ಕಲ್ಲು, ನೀರು ಅಂತ ಒಂದು ಮಾತಿಲ್ಲ. ನಂಗೆ ತಡ್ಕೊಳ್ಳಿಕ್ಕೆ ಆಗ್ಲಿಲ್ಲ, ಯಾಕಂದ್ರೆ ಈ ವಿಷಯದಲ್ಲಿ ನಾನು ಮೂರು ಆಫೀಸು ಅಲೆದವಳು, ಅದನ್ನೇ ಇಲ್ಲಿ ಬರೀತಿದ್ದೇನೆ.

ನಮ್ಮ ಮನೆ ಮುಡಿಪು ಕಡೆ, ಪದವಿನ ಕೆಳಗೆ ಬೈಲಲ್ಲಿ. ಘಟ್ಟದ ಮೇಲಿನವರಿಗೆ ಹೇಳುದಾದ್ರೆ, ಪದವು ಅಂದ್ರೆ ತಲೆ ಚಪ್ಪಟೆ ಇರುವ ಕೆಂಪುಕಲ್ಲಿನ ಗುಡ್ಡೆ, ಬೈಲು ಅಂದ್ರೆ ಅದರ ಬುಡದಲ್ಲಿ ಗದ್ದೆ, ತೋಟ, ಬಾವಿ ಇರುವ ತಗ್ಗು. ಮಂಗಳೂರಿನ ಸುತ್ತ ಎಷ್ಟು ಊರಿನ ಹೆಸರಲ್ಲಿ ಪದವು, ಗುಡ್ಡೆ, ಬೈಲು ಉಂಟು ನೋಡಿ, ಹಿರಿಯರು ಜಾಗ ನೋಡಿಯೇ ಹೆಸರಿಟ್ಟದ್ದು. ಕೆಂಪುಕಲ್ಲು ಹತ್ತಿರದಿಂದ ನೋಡಿದ್ರೆ ಪೂರ್ತಿ ತೂತು. ಪದವಿನ ಮೇಲೆ ಬಿದ್ದ ಮಳೆ ಆ ತೂತಲ್ಲಿ ಇಳಿದು, ಒಳಗೆ ತಿಂಗಳುಗಟ್ಟಲೆ ನಿಂತು, ನಿಧಾನಕ್ಕೆ ಒಸರಿ ಕೆಳಗಿನ ಬಾವಿಗೆ ಬರ್ತದೆ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ವರ್ಷಕ್ಕೆ 3,500 ಮಿಲಿಮೀಟರ್ ಮೇಲೆ ಮಳೆ, ಆದ್ರೆ ಅದರ ಹೆಚ್ಚಿನ ಪಾಲು ಬರುದು ನಾಲ್ಕೇ ತಿಂಗಳಲ್ಲಿ, ಉಳಿದ ದಿನಕ್ಕೆ ನೀರು ಕಾದು ಇಡುದು ಆ ಕಲ್ಲು. ಬಂಟ್ವಾಳ, ಪುತ್ತೂರು, ಕಾಸರಗೋಡು ಕಡೆ ಗುಡ್ಡೆಗೆ ಅಡ್ಡಕ್ಕೆ ಸುರಂಗ ಕೊರೆದು ನೀರು ತೆಗೆದದ್ದು ಸಾ ಇದೇ ಲೆಕ್ಕದಲ್ಲಿ. ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯಲ್ಲಿ ಒಬ್ಬರೇ ಒಂದರ ಹಿಂದೆ ಒಂದು ಸುರಂಗ ಕೊರೆದು, ಸುಮಾರು ಸಲ ಸೋತು, ಕೊನೆಗೆ ನೀರು ಕಂಡು ತೋಟ ಮಾಡಿದ್ರು, 2022ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿದ ದಿನ ನಾನು ಅತ್ತಿದ್ದೇನೆ.

ಆ ಕಲ್ಲಿನ ಕೆಳಗೆ ಶೇಡಿ ಮಣ್ಣು. ಬಿಳಿ, ಹಳದಿ, ಗುಲಾಬಿ ಬಣ್ಣದ ಮಣ್ಣು, ಒಣಗಿದ್ರೆ ಗೋಡೆ ತರ ನಿಲ್ತದೆ, ನೀರು ಕುಡಿದ್ರೆ ಬೆಣ್ಣೆ ಹಾಗೆ ಜಾರ್ತದೆ. ಮೇಲೆ ಕಲ್ಲಿನ ಟೊಪ್ಪಿ ಇರುವವರೆಗೆ ಅದಕ್ಕೆ ನೇರ ಮಳೆ ಬೀಳುದಿಲ್ಲ. ಕಲ್ಲು ಪೂರ್ತಿ ತೆಗೆದ್ರೆ ಶೇಡಿ ಬರಿಮೈ. ಅಂದ್ರೆ ಕಲ್ಲಿನ ಲೆಕ್ಕ, ನೀರಿನ ಲೆಕ್ಕ, ಗುಡ್ಡೆ ಜರಿಯುವ ಲೆಕ್ಕ ಮೂರೂ ಒಂದೇ ಗುಡ್ಡೆಯ ಒಂದೇ ಸೀಳಿನಲ್ಲಿ ಕಾಣ್ತದೆ, ಅದಕ್ಕೆ ಪರೀಕ್ಷೆ ಬರೆದ ಜಿಯಾಲಜಿಸ್ಟೇ ಬೇಕಂತ ಇಲ್ಲ, ನಮ್ಮಲ್ಲಿ ಬಾವಿ ತೋಡುವವರಿಗೆ ಸಾ ಗೊತ್ತು.

ನಮ್ಮ ಪದವಿನಲ್ಲಿ ಕೆಂಪುಕಲ್ಲಿನ ಕೋರೆ, ಅಂದ್ರೆ ಕಲ್ಲು ಕಡಿದು ತೆಗೆಯುವ ಗಣಿ, ಶುರುವಾದದ್ದು 2016ರಲ್ಲಿ. ಅದಕ್ಕೆ ಮುಂಚೆ ಬಾವಿಯಲ್ಲಿ ಪತ್ತನಾಜೆವರೆಗೆ, ಅಂದ್ರೆ ಮೇ ಕೊನೆಯವರೆಗೆ, ಎರಡು ಕೋಲು (ಬಾವಿಯ ಆಳ ಅಳೆಯುವ ನಮ್ಮ ಅಳತೆ) ನೀರು ಇರ್ತಿತ್ತು, ಈಗ ಎಪ್ರಿಲ್ ನಡುವಿನ ಬಿಸು ಹಬ್ಬ ಕಳೆದ ಕೂಡ್ಲೇ ತಳದ ಕಲ್ಲು ಕಾಣ್ತದೆ. ಅರ್ಜಿ ಬರೆದು ಒಂದು ಆಫೀಸಿಗೆ ಹೋದೆ. ಪಾಪ ಅವರು ಒಳ್ಳೆ ರೀತಿಯಲ್ಲೇ ಮಾತಾಡಿದ್ರು, ಪೇಪರ್ ತೆಗೆದು ನೋಡಿದ್ರು, ಪರ್ಮಿಟ್ ಸರಿ ಉಂಟಮ್ಮ, ಎಷ್ಟು ಟನ್ ಹೋಗಿದೆ ಅದಕ್ಕೆ ಸರ್ಕಾರಕ್ಕೆ ಎಷ್ಟು ರಾಯಲ್ಟಿ ಹಣ ಕಟ್ಟಿದ್ದಾರೆ ಬೇಕಾದ್ರೆ ಹೇಳ್ತೇನೆ, ಬಾವಿ ನೀರು ನಮಗೆ ಬರುದಿಲ್ಲ ಅಂದ್ರು. ಎರಡನೇ ಆಫೀಸಲ್ಲಿ ನೀರು ನಮ್ಮದೇ, ಆದ್ರೆ ಕೋರೆಗೆ ನಾವು ಕೈ ಹಾಕ್ಲಿಕ್ಕೆ ಆಗುದಿಲ್ಲ ಅಂದ್ರು. ಮೂರನೇ ಕಡೆ, ಕೋರೆಯ ಅಂಚು ನಮ್ಮ ತೋಟದ ಮೇಲ್ಗಡೆ ಬಂದಿದೆ, ಮಳೆಗಾಲದಲ್ಲಿ ಹೆದರಿಕೆ ಆಗ್ತದೆ ಅಂತ ಹೇಳಿದೆ. ಜರಿದ್ರೆ ಕೂಡ್ಲೇ ಫೋನ್ ಮಾಡಿ, ಬರ್ತೇವೆ ಅಂದ್ರು. ಮೂವರಲ್ಲಿ ಒಬ್ಬರೂ ಸುಳ್ಳು ಹೇಳ್ಲಿಲ್ಲ, ಅವರವರ ಫೈಲಿನ ಮಟ್ಟಿಗೆ ಎಲ್ಲರೂ ಸರಿಯೇ. ನಮ್ಮ ಬಾವಿ ಕೋರೆಯಿಂದಲೇ ಬತ್ತಿದ್ದಾ ಅಂತ ಒಬ್ಬರು ಬಂದು ಪದವಿನ ಮೇಲೆ ನಿಂತು ನೋಡಿ ಹೇಳ್ಬೇಕಿತ್ತು, ಆ ಒಬ್ಬರು ಯಾವ ಆಫೀಸಲ್ಲಿ ಸಾ ಇರ್ಲಿಲ್ಲ.

ಇದನ್ನು ಹೇಳಿದಾಗ ತಮ್ಮ, "ಅದಕ್ಕೇ ಅಲ್ವಾ ಅಕ್ಕ ವಿಲೀನ ಬೇಕು ಅಂತ ನಾನು ಹೇಳುದು" ಅಂದ. ಅಲ್ಲ, ಅಷ್ಟು ಸುಲಭ ಅಲ್ಲ. ಮೂರು ಆಫೀಸನ್ನು ಒಂದೇ ಕಟ್ಟಡಕ್ಕೆ ತಂದ್ರೆ ನಾನು ಮೂರು ಬಸ್ಸಿನ ಬದಲು ಮೂರು ಮೆಟ್ಟಿಲು ಹತ್ತುತ್ತೇನೆ, ಅಷ್ಟೇ ವ್ಯತ್ಯಾಸ. ಯಾರ ಕೆಳಗೆ ಯಾರು ಕೂರ್ತಾರೆ ಅನ್ನುದು ಮುಖ್ಯ. ಗಣಿ ಇಲಾಖೆಗೆ ಪ್ರತಿ ವರ್ಷ ಬಜೆಟ್‌ನಲ್ಲಿ ರಾಜಸ್ವದ ಗುರಿ ಇಡ್ತಾರೆ, ಇಷ್ಟು ಕೋಟಿ ತರ್ಬೇಕು ಅಂತ. ಖನಿಜ ಹಕ್ಕಿನ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು ಅಂತ 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠ ತೀರ್ಪು ಕೊಟ್ಟಿತು, ಅದೇ ಡಿಸೆಂಬರಲ್ಲಿ ಬೆಳಗಾವಿ ಅಧಿವೇಶನದಲ್ಲಿ ತೆರಿಗೆ ಮಸೂದೆ ಪಾಸಾಯ್ತು. ಸರ್ಕಾರಕ್ಕೆ ದುಡ್ಡು ಬೇಕು, ತಪ್ಪಲ್ಲ. ಆದ್ರೆ ಕಲ್ಲು ಹೆಚ್ಚು ಹೋದಷ್ಟು ಒಳ್ಳೆ ಹೆಸರು ಬರುವ ಆಫೀಸರ ಕೆಳಗೆ, ಈ ಗುಡ್ಡೆಯಿಂದ ಕಲ್ಲು ತೆಗೀಬೇಡಿ ಅಂತ ಬರೀಬೇಕಾದ ಜಿಯಾಲಜಿಸ್ಟನ್ನು ಕೂರಿಸಿದ್ರೆ ಅವರು ಹೇಗೆ ಬರೀತಾರೆ?

ಕೆಂಪುಕಲ್ಲು, ಮರಳು ಎಲ್ಲ ಉಪಖನಿಜದ ಲೆಕ್ಕಕ್ಕೆ ಬರ್ತದೆ. 1957ರ ಕೇಂದ್ರದ ಗಣಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಇದರ ನಿಯಮ ಮಾಡುದು ರಾಜ್ಯವೇ, ನಮ್ಮಲ್ಲಿ 1994ರ ನಿಯಮ ಉಂಟು. ಅಂದ್ರೆ ಇದು ದೆಹಲಿ ಕಡೆ ಕೈ ತೋರಿಸುವ ವಿಷಯವೇ ಅಲ್ಲ, ಬೆಂಗಳೂರಲ್ಲೇ ಸರಿ ಮಾಡಬಹುದು. ಮತ್ತೆ ಕೋರೆ ಬಂದ್ ಮಾಡಿ ಅಂತ ನಾನು ಹೇಳುದೇ ಇಲ್ಲ, ನಮ್ಮ ಮನೆ ಸಾ ಕೆಂಪುಕಲ್ಲಿನದ್ದೇ. 2025ರಲ್ಲಿ ಕಲ್ಲು ಮರಳು ಸಿಗದೆ ಜಿಲ್ಲೆಯಲ್ಲಿ ಕಟ್ಟಡದ ಕೆಲಸ ನಿಂತಾಗ ನಮ್ಮ ಪಕ್ಕದ ಮನೆಯ ಮೇಸ್ತ್ರಿ ಮಗಳ ಫೀಸು ಕಟ್ಲಿಕ್ಕೆ ಸಾಲ ಮಾಡಿದ್ರು, ಅದು ನಾನು ಕಣ್ಣಾರೆ ನೋಡಿದ್ದು. ಎಲ್ಲಿ ತೆಗೀಬಹುದು, ಎಷ್ಟು ಆಳ ತೆಗೀಬಹುದು, ಎಲ್ಲಿ ಮುಟ್ಟಲೇ ಬಾರದು ಅಂತ ಮೊದಲೇ ಗೊತ್ತಿದ್ರೆ ಕೋರೆಯವರಿಗೂ ಒಳ್ಳೇದು, ಒಮ್ಮೆ ಪೂರ್ತಿ ಬಿಡುದು ಒಮ್ಮೆ ಪೂರ್ತಿ ಹಿಡಿಯುದು ಆಗುದಿಲ್ಲ.

ತಮ್ಮ ಅಮೆರಿಕದ ಉದಾಹರಣೆ ತೆಗೆದ. 1870ರ ದಶಕದಲ್ಲಿ ಅಲ್ಲಿ ಪಶ್ಚಿಮದ ಜಾಗ ಸರ್ವೆ ಮಾಡ್ಲಿಕ್ಕೆ ಕಿಂಗ್, ಹೇಡನ್, ಪವೆಲ್, ವೀಲರ್ ಅಂತ ನಾಲ್ಕು ಜನರ ನಾಲ್ಕು ತಂಡ ಇತ್ತಂತೆ, ಎರಡು ಯುದ್ಧ ಇಲಾಖೆಯದ್ದು, ಎರಡು ಒಳಾಡಳಿತದ್ದು, ಒಬ್ಬರು ಅಳೆದ ಜಾಗವನ್ನೇ ಇನ್ನೊಬ್ಬರು ಅಳೆಯುದು. ಸಂಸತ್ತು ವಿಜ್ಞಾನ ಅಕಾಡೆಮಿಯ ಸಲಹೆ ಕೇಳಿ, ತುಂಬ ಚರ್ಚೆ ಆಗಿ, 1879ರ ಮಾರ್ಚ್ 3ರಂದು ಒಂದೇ ಭೂವೈಜ್ಞಾನಿಕ ಸರ್ವೆ ಆಯ್ತು, ಕ್ಲಾರೆನ್ಸ್ ಕಿಂಗ್ ಮೊದಲ ಮುಖ್ಯಸ್ಥ. ನಾನು ಕೇಳಿದೆ, ಸರ್ಕಾರಿ ಜಾಗ ಮಾರುವ ಆಫೀಸು ಎಲ್ಲಿ ಹೋಯ್ತು ಅಂತ. ಅದು ಬೇರೆಯೇ ಉಳಿಯಿತು ಅಂದ. ನೋಡು, ಅಲ್ಲೇ ಉಂಟು ನಿನ್ನ ಉತ್ತರ ಅಂದೆ, ನೋಡುವವರನ್ನು ಒಟ್ಟು ಮಾಡಿದ್ರು, ಮಾರುವವರನ್ನು ಸೇರಿಸ್ಲಿಲ್ಲ. ಇಲಿನಾಯ್ ರಾಜ್ಯದಲ್ಲಿ 2008ರಲ್ಲಿ ಭೂವಿಜ್ಞಾನ, ನೀರು, ಜೀವಿಗಳ ಸರ್ವೆಗಳನ್ನು ಸರ್ಕಾರಿ ಇಲಾಖೆಯಿಂದ ತೆಗೆದು ವಿಶ್ವವಿದ್ಯಾಲಯದ ಕೆಳಗೆ ಹಾಕಿದ್ರಂತೆ, ಅದು ನಂಗೆ ತುಂಬ ಹಿಡಿಸಿತು. ನಮ್ಮಲ್ಲಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮರೈನ್ ಜಿಯಾಲಜಿ ವಿಭಾಗ ಉಂಟು, ಸುರತ್ಕಲ್‌ನಲ್ಲಿ ಎನ್ಐಟಿಕೆ ಇಂಜಿನಿಯರಿಂಗ್ ಕಾಲೇಜು ಉಂಟು, ಜನ ಇಲ್ಲ ಅಂತ ಹೇಳುವ ಹಾಗೆಯೇ ಇಲ್ಲ.

ನಮ್ಮ ದೇಶದಲ್ಲಿ ನಡೆದದ್ದು ಬೇರೆ ರೀತಿ. 1972ರಲ್ಲಿ ಕೇಂದ್ರದ ಭೂವೈಜ್ಞಾನಿಕ ಸರ್ವೆಯ (ಜಿಎಸ್ಐ) ಅಂತರ್ಜಲ ವಿಭಾಗವನ್ನು ಕೇಂದ್ರ ಅಂತರ್ಜಲ ಮಂಡಳಿಗೆ ಸೇರಿಸಿದ್ರು, ಅಲ್ಲಿಗೆ ಕಲ್ಲು ಒಂದು ಮನೆ, ನೀರು ಒಂದು ಮನೆ. ಕರ್ನಾಟಕದಲ್ಲಿ ಸಾ ಮೊದಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲೇ ಇದ್ದ ಅಂತರ್ಜಲ ಆಮೇಲೆ ಸಣ್ಣ ನೀರಾವರಿ ಕಡೆ ಹೋಯ್ತು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ಶುರು ಮಾಡಿ ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಕೂರಿಸಿದಾಗ ಕೆಲಸ ಇದ್ದದ್ದು ನೆಲ ಓದುದು, ನಮ್ಮ ಕರಾವಳಿ ಆಗ ಮದ್ರಾಸಿನಲ್ಲಿ, 1956ರವರೆಗೆ ಆ ಇಲಾಖೆಗೆ ನಾವು ಸೇರಿಯೇ ಇರ್ಲಿಲ್ಲ. 2016ರಲ್ಲಿ ಕೇಂದ್ರ ಸರ್ಕಾರದ ಮಿಹಿರ್ ಶಾ ಸಮಿತಿ ಕೇಂದ್ರ ಜಲ ಆಯೋಗ, ಅಂತರ್ಜಲ ಮಂಡಳಿ ಎರಡನ್ನೂ ಸೇರಿಸಿ ರಾಷ್ಟ್ರೀಯ ಜಲ ಆಯೋಗ ಮಾಡಿ ಅಂತ ಹೇಳಿತು, ಯಾಕಂದ್ರೆ ನದಿ ನೀರು, ನೆಲದ ನೀರು ಬೇರೆ ಬೇರೆ ಅಲ್ಲ. ಅದು ಆಗ್ಲೇ ಇಲ್ಲ. 2019ರಲ್ಲಿ, ಮತ್ತೆ 2023ರಲ್ಲಿ ತುಂಬೆ ಡ್ಯಾಮಲ್ಲಿ ನೀರು ಇಳಿದು ಮಂಗಳೂರಿಗೆ ರೇಷನಿಂಗ್ ಮಾಡಿದ್ದು ನೆನಪುಂಟಲ್ಲ, ಬೇಸಗೆಯಲ್ಲಿ ನೇತ್ರಾವತಿಗೆ ಬರುದು ಗುಡ್ಡೆಗಳಿಂದ ಒಸರಿ ಬರುವ ನೀರು, ಆಕಾಶದಿಂದ ಅಲ್ಲ.

ಗುಡ್ಡೆ ಜರಿಯುವ ವಿಷಯ ಬರೆಯುವಾಗ ಕೈ ನಡುಗ್ತದೆ. 2020ರ ಜುಲೈ 5ಕ್ಕೆ ಗುರುಪುರದ ಬಂಗ್ಲೆಗುಡ್ಡೆಯಲ್ಲಿ ಇಬ್ಬರು ಮಕ್ಕಳು. 2024ರ ಜುಲೈ 16ಕ್ಕೆ ಅಂಕೋಲದ ಶಿರೂರು. 2025ರ ಮೇ 30ಕ್ಕೆ ನಮ್ಮ ಮನೆಯಿಂದ ದೂರ ಇಲ್ಲದ ಮೋಂಟೆಪದವಿನಲ್ಲಿ ಒಂದೇ ಮನೆಯ ಅಜ್ಜಿ ಮತ್ತು ಎರಡು ಪುಟ್ಟ ಮಕ್ಕಳು, ಆ ರಾತ್ರಿ ನಾವೆಲ್ಲ ಚಾವಡಿಯಲ್ಲೇ ಕೂತು ಬೆಳಗು ಮಾಡಿದ್ದು. ಜಿಎಸ್ಐ 2014ರಿಂದ ಭೂಕುಸಿತದ ನಕ್ಷೆ ಮಾಡಿದೆ, ಆದ್ರೆ ಅದು 1:50,000 ಅಳತೆಯದ್ದು, ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದ್ರೆ ನೆಲದಲ್ಲಿ ಅರ್ಧ ಕಿಲೋಮೀಟರ್. ನಮ್ಮ ಮನೆ, ಕೋರೆ, ಬಾವಿ ಮೂರೂ ಒಂದು ಪೆನ್ಸಿಲ್ ಚುಕ್ಕೆಯಲ್ಲಿ ಮುಗೀತು. ಮನೆ ಮನೆ ಕಾಣುವ ಹಾಗೆ ನಕ್ಷೆ ಮಾಡ್ಬೇಕಾದವರು ರಾಜ್ಯದವರು, ಅದಕ್ಕೆ ಪ್ರತಿ ತಾಲೂಕಿನಲ್ಲಿ ನಡೆದಾಡುವ ಜಿಯಾಲಜಿಸ್ಟ್ ಬೇಕು, ರಾಯಲ್ಟಿ ಪರ್ಮಿಟಿಗೆ ಸಹಿ ಹಾಕ್ತಾ ಕೂರುವವರಲ್ಲ.

ಹಾಗಾಗಿ ತಮ್ಮನ ಮಸೂದೆ ನಾವಿಬ್ಬರೂ ಕೂತು ತಿದ್ದಿದ್ವು. ಭೂವಿಜ್ಞಾನ, ಅಂತರ್ಜಲ, ಭೂಕುಸಿತ ಮೂರೂ ಒಂದೇ ಸರ್ವೆ. ಲೀಸು, ಪರ್ಮಿಟ್, ರಾಯಲ್ಟಿ ಬೇರೆ ಇಲಾಖೆ. ಆ ಇಲಾಖೆ ಲೀಸು ಕೊಡುವ ಮೊದಲು ಸರ್ವೆಯವರು ಬರೆದ ವರದಿ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದ್ಬೇಕು. ಕೋರೆಯ ಸುತ್ತಲಿನ ಬಾವಿಗಳ ನೀರಿನ ಮಟ್ಟ ಕೋರೆ ಶುರುವಾಗುವ ಮೊದಲೇ ಅಳೆದು ಇಡ್ಬೇಕು. ಈ ಕೊನೆಯದ್ದು ನಾನು ಹಠ ಮಾಡಿ ಸೇರಿಸಿದ್ದು, ಯಾಕಂದ್ರೆ ಮೊದಲು ಎಷ್ಟಿತ್ತು ಅಂತ ಎಲ್ಲೂ ಬರೆದಿಡದೆ ಈಗ ಕಡಿಮೆಯಾಯ್ತು ಅಂದ್ರೆ ಯಾರು ನಂಬ್ತಾರೆ.

ಆಗ ನೆನಪಾಯ್ತು. ಅಪ್ಪ ಪ್ರತಿ ತಿಂಗಳು ಒಂದನೇ ತಾರೀಕಿಗೆ ಕೊಡಪಾನದ ಹಗ್ಗ ಇಳಿಸಿ ಎಷ್ಟು ಕೋಲು ಅಂತ ಗೋಡೆ ಕ್ಯಾಲೆಂಡರಿನ ಮೂಲೆಯಲ್ಲಿ ಬರೀತಿದ್ರು, ಅವರು ಹೋದ ಮೇಲೆ ನಾನು ಬರೀತಿದ್ದೇನೆ. ಹಳೆ ಕ್ಯಾಲೆಂಡರು ಎಲ್ಲ ಅಟ್ಟದಲ್ಲಿತ್ತು, 2009ರಿಂದ. ತಮ್ಮ ಎಲ್ಲ ಕೆಳಗೆ ಇಳಿಸಿ ಧೂಳು ಒರೆಸಿ ಲ್ಯಾಪ್‌ಟಾಪಲ್ಲಿ ಎಕ್ಸೆಲ್ ಮಾಡ್ತಾ ಕೂತ, ರಾತ್ರಿ ಒಂದು ಗಂಟೆಯಾಯ್ತು, ಅಮ್ಮ ಎರಡು ಸಲ ಬಂದು ಮಲಗು ಮಗಾ ಅಂದ್ರು. 2014ರ ಎಪ್ರಿಲ್ ಪುಟ ಇಲಿ ತಿಂದಿದೆ, ಅದೊಂದು ಮಾತ್ರ ಖಾಲಿ ಬಿಟ್ಟಿದ್ದಾನೆ.