ನಾಯಿಗೊಂದು ಕಲ್ಲು

ಇವತ್ತು ಒಂಬತ್ತನೇ ಕ್ಲಾಸಿಗೆ ಪಾಠಪುಸ್ತಕ ಮುಚ್ಚಿಸಿ, ಆತಕೂರು ಶಾಸನದ ಫೋಟೋ ಕೊಟ್ಟೆ. ಮೊದಲು ಓದಬೇಡಿ, ಸುಮ್ನೆ ನೋಡಿ ಅಂದೆ. ಹತ್ತು ನಿಮಿಷ ಕ್ಲಾಸಿನಲ್ಲಿ ಸದ್ದೇ ಇಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ: "ಮಿಸ್, ಇದರಲ್ಲಿ ರಾಜನೇ ಇಲ್ಲ. ನಾಯಿ, ಹಂದಿ ಜಗಳ ಆಡ್ತಿವೆ!"

ಹೌದು. ಮದ್ದೂರು ಹತ್ತಿರದ ಆತಕೂರಿನ ಈ ಕಲ್ಲು ಸುಮಾರು ಕ್ರಿ.ಶ. 949-50ರದು. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸುದ್ದಿ ಇದರಲ್ಲಿದೆ. ಆ ಯುದ್ಧದಲ್ಲಿ ಹೋರಾಡಿದ ಮಣಲೇರ ಬಹುಮಾನವಾಗಿ ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು. ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ಅದಕ್ಕೇ ಈ ಕಲ್ಲು. ಕಲ್ಲಿಗೆ ಪೂಜೆ ಮಾಡದೆ ಗೊರವ, ಅಂದ್ರೆ ಶಿವನ ಗುಡಿಯ ಪೂಜಾರಿ, ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ಅಂತಲೂ ಕೆತ್ತಿಸಿದ್ದಾರೆ!

ಬೋರ್ಡಿನ ಮೇಲೆ ಮೂರೇ ಪ್ರಶ್ನೆ ಬರೆದೆ. ಯಾರು ಬರೆಸಿದ್ದು? ಯಾರು ಓದಲಿ ಅಂತ? ಏನು ಹೇಳಿಲ್ಲ? ಮೂರನೆಯದಕ್ಕೇ ಪೀರಿಯಡ್ ಪೂರ್ತಿ ಹೋಯಿತು. "ಇದು ಗೆದ್ದವರ ಕಡೆಯ ಮಾತು ಅಲ್ವಾ ಮಿಸ್? ಚೋಳರು ಏನು ಬರೆಸಿದ್ದಾರೆ?" ಅಂತ ಒಬ್ಬಳು ಕೇಳಿದಳು. ನನಗೆ ಮೈ ಜುಮ್ ಅಂದಿತು. ಇಸವಿ ಬಾಯಿಪಾಠ ಮಾಡಿಸಿದ ಯಾವ ದಿನವೂ ಇಂಥ ಪ್ರಶ್ನೆ ಬಂದಿರಲಿಲ್ಲ.

ಮೂಲ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ಸೇರಿದ್ದು. ಮಕ್ಕಳನ್ನು ಅದರ ಮುಂದೆ ನಿಲ್ಲಿಸಬೇಕು ಅಂತ ತುಂಬಾ ಆಸೆ ಆಗಿದೆ. ಚೋಳರ ತಾಮ್ರಪಟದ ಅನುವಾದ ಹುಡುಕಿ ಇಟ್ಟಿದ್ದೇನೆ, ಸೋಮವಾರ ಅದನ್ನೇ ಕೊಡ್ತೀನಿ.